ಗಣಿಗೆ ಹೋದ ಗಸಗಸೆ

ಗಣಿಯಲ್ಲಿ ಎಲ್ಲರಿಗೂ ಕೆಲಸ ಆಗುತ್ತದೆ, ನನಗೆ ಪ್ರಸಂಗ ಆಗುತ್ತದೆ. ನಾನೇನೂ ಹುಡುಕಿಕೊಂಡು ಹೋಗುವವನಲ್ಲ. ಹೆಲ್ಮೆಟ್ ಬಿಗಿದುಕೊಂಡು, ಬೂಟಿನ ಲೇಸು ಎರಡೆರಡು ಸಲ ನೋಡಿಕೊಂಡು, ಯಾರ ತಂಟೆಗೂ ಹೋಗದೆ ನಡೆಯುತ್ತಿದ್ದರೂ ಅವೇ ಎದುರಿಗೆ ಬಂದು ನಿಲ್ಲುತ್ತವೆ.

ಮೈಸೂರಿನ ಒಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ಮೆಷಿನ್ ರಿಪೇರಿ ಮಾಡಿಸಿಕೊಂಡಿದ್ದ ನಾನು ಹೆಂಡತಿ, ಮಗಳನ್ನು ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಬಂದೆ. ಗಣಿಗಳು ಜೋರಾಗಿ ಓಡುತ್ತಿದ್ದ ಕಾಲ ಅದು. ಮನೆ ಪರ್ತ್‌ನ ಸದರ್ನ್ ರಿವರ್‌ನಲ್ಲಿ. ಕೆಲಸ ಅಲ್ಲಿಂದ ಉತ್ತರಕ್ಕೆ ವಿಮಾನದಲ್ಲಿ ಎರಡು ಗಂಟೆ ದೂರದ ಕಬ್ಬಿಣದ ಗಣಿಯಲ್ಲಿ. ಎಂಟು ದಿನ ಗಣಿ, ಆರು ದಿನ ಮನೆ. ಅಲ್ಲಿ ಮಣ್ಣು ಎಷ್ಟು ಕೆಂಪಗಿದೆ ಅಂದರೆ, ನನ್ನ ಬಿಳಿ ಬನಿಯನ್ನುಗಳನ್ನು ಹೆಂಡತಿ ಮೊದಲ ತಿಂಗಳಲ್ಲೇ ಬಿಳಿ ಬಟ್ಟೆಗಳ ಲೆಕ್ಕದಿಂದ ತೆಗೆದುಹಾಕಿದಳು.

ನಮ್ಮ ವೀಸಾ ಕಂಪನಿ ಕೊಡಿಸಿದ್ದು. ಕೆಲಸ ಹೋದರೆ ವೀಸಾವೂ ಹೋದಂತೆ. ಒಂದು ವರ್ಷ ಯಾವ ತಕರಾರೂ ಇಲ್ಲದೆ ಮುಗಿಸಿದರೆ ಇಲ್ಲೇ ಕಾಯಂ ಇರುವುದಕ್ಕೆ ಕಂಪನಿ ಒಂದು ಪತ್ರ ಕೊಡುತ್ತದೆ. ಆ ಪತ್ರಕ್ಕೆ ಸಹಿ ಹಾಕಬೇಕಾದವನು ನನ್ನ ಸೂಪರ್‌ವೈಸರ್. ಆರಡಿ ಮೇಲಿನ ಆಳು, ಬಿಸಿಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಕತ್ತು. "ಇಪ್ಪತ್ತೆರಡು ವರ್ಷ ಗಣಿಯಲ್ಲಿದ್ದೇನೆ ಮೇಟ್, ನನ್ನ ಹೆಸರಿನ ಮುಂದೆ ಒಂದು ಕಪ್ಪುಚುಕ್ಕೆಯೂ ಇಲ್ಲ" ಅನ್ನುವುದು ಅವನ ದಿನನಿತ್ಯದ ಮಂತ್ರ. ಅವನ ಮಾತನ್ನೆಲ್ಲ ನಾನು ಕನ್ನಡದಲ್ಲೇ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಅವನು ಆಡಿದ್ದನ್ನು ಹಾಗೇ ಬರೆದರೆ ಅರ್ಧ ಭಾಗ ಅಚ್ಚು ಹಾಕಲು ಬರುವುದಿಲ್ಲ.

ಆ ಒಂದು ವರ್ಷ ನಾನು ಉಸಿರು ಬಿಗಿಹಿಡಿದುಕೊಂಡು ಬದುಕಿದೆ. ಮಗಳು ಸ್ಕೂಲಿನಲ್ಲಿ ಆಗತಾನೇ ಗೆಳತಿಯರನ್ನು ಮಾಡಿಕೊಂಡಿದ್ದಳು. ಹೆಂಡತಿ ಹಿತ್ತಲಲ್ಲಿ ಕರಿಬೇವಿನ ಗಿಡ ನೆಟ್ಟು, ಚಳಿಗಾಲದಲ್ಲಿ ಅದಕ್ಕೆ ಹಳೇ ಶಾಲು ಹೊದಿಸಿ ಬದುಕಿಸಿದ್ದಳು. ಆ ಗಿಡವನ್ನು ಬಿಟ್ಟು ವಾಪಸ್ ಹೋಗೋಣ ಅಂತ ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

೧. ನಿಂಬೆಹಣ್ಣಿನ ತನಿಖೆ

ಗಣಿಯಲ್ಲಿ ಗಾಡಿ ನಿಲ್ಲಿಸಿದರೆ ಚಕ್ರಕ್ಕೆ ತಡೆ ಇಡಬೇಕು. ಅದಕ್ಕೆಂದೇ ಹಳದಿ ರಬ್ಬರಿನ ದಪ್ಪ ತುಂಡುಗಳನ್ನು ಕೊಟ್ಟಿರುತ್ತಾರೆ. ಮರೆತರೆ ಅದು ದೊಡ್ಡ ಅಪರಾಧ.

ಆ ವರ್ಷ ಆಯುಧಪೂಜೆ ನನ್ನ ಎಂಟು ದಿನದೊಳಗೆ ಬಂತು. ಬೆಳಿಗ್ಗೆ ಹೆಂಡತಿಯ ಫೋನು.

"ರೀ, ಒಂದು ವರ್ಷಾನೂ ತಪ್ಪಿಸಿಲ್ಲ ನೀವು. ಅಲ್ಲೇ ಗಾಡಿಗೊಂದು ಪೂಜೆ ಮಾಡ್ಬಿಡಿ. ಬ್ಯಾಗಲ್ಲಿ ಕುಂಕುಮ ಇಟ್ಟಿದ್ದೀನಿ."

ನಾವು ಉಳಿಯುವ ಕ್ಯಾಂಪಿನ ಅಡುಗೆಮನೆಯಿಂದ ನಾಲ್ಕು ನಿಂಬೆಹಣ್ಣು ಬೇಡಿ ತಂದು, ನನಗೆ ಕೊಟ್ಟಿದ್ದ ಗಾಡಿಯ ನಾಲ್ಕು ಚಕ್ರದ ಮುಂದೂ ಇಟ್ಟೆ. ಅವುಗಳ ಮೇಲೆ ಗಾಡಿ ಹತ್ತಿಸಬೇಕೆಂದು ರಬ್ಬರಿನ ತುಂಡುಗಳನ್ನು ತೆಗೆದು ಗಾಡಿಯ ಹಿಂಭಾಗಕ್ಕೆ ಹಾಕಿದೆ. ಬಾನೆಟ್ಟಿಗೆ ಕುಂಕುಮ ಇಡುವಷ್ಟರಲ್ಲಿ ವರ್ಕ್‌ಶಾಪಿನಿಂದ ಕರೆ ಬಂತು. ಎರಡು ನಿಮಿಷ ಅಂತ ಹೋದೆ. ವಾಪಸ್ ಬಂದಾಗ ಗಾಡಿಯ ಸುತ್ತ ಎಚ್ಚರಿಕೆಯ ಪಟ್ಟಿ ಕಟ್ಟಿದ್ದರು. ಮೂವರು ಕುಕ್ಕರಗಾಲಲ್ಲಿ ಕೂತು ಚಕ್ರದ ಬುಡ ನೋಡುತ್ತಿದ್ದರು. ಸೂಪರ್‌ವೈಸರ್ ಫೋಟೋ ತೆಗೆಯುತ್ತಿದ್ದ.

"ಇದನ್ನು ಇಟ್ಟಿದ್ದು ಯಾರು?"

"ನಾನೇ."

"ಈ ಗಾಡಿ ಎರಡು ಟನ್ ಇದೆ. ಇದನ್ನು ನಿಂಬೆಹಣ್ಣು ತಡೆಯುತ್ತಾ?"

ತಡೆಯುವುದಕ್ಕಲ್ಲ, ಹತ್ತಿಸುವುದಕ್ಕೆ ಅಂತ ವಿವರಿಸಿದೆ. ವರ್ಷಕ್ಕೊಂದು ದಿನ ನಾವು ಯಂತ್ರಗಳಿಗೆ ಕೈಮುಗಿಯುತ್ತೇವೆ ಅಂದೆ.

"ಉಳಿದ ದಿನ?"

"ಸುತ್ತಿಗೇಲಿ ಹೊಡೀತೀವಿ."

ಅವನು ನಗಲಿಲ್ಲ. ನನ್ನಿಂದ ಎರಡು ಪುಟದ ಫಾರಂ ತುಂಬಿಸಿದ. ವರ್ಷ ಪೂರ್ತಿ ಕಾಪಾಡಿಕೊಳ್ಳಬೇಕೆಂದಿದ್ದ ಹೆಸರು ಆರೇ ತಿಂಗಳಿಗೆ ಫಾರಂ ಹತ್ತಿತಲ್ಲ ಅಂತ ನನಗೆ ಆ ದಿನ ಊಟ ಸೇರಲಿಲ್ಲ. ಮಾರನೇ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚಿನ ಸಭೆಯಲ್ಲಿ, ನನ್ನ ಹೆಸರು ಹೇಳದೆ, ಅವನು ಒಂದು ನಿಂಬೆಹಣ್ಣನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಇದು ಕಂಪನಿ ಒಪ್ಪಿದ ತಡೆ ಅಲ್ಲ" ಅಂದ. ಐವತ್ತು ಜನ ಗಂಭೀರವಾಗಿ ತಲೆಯಾಡಿಸಿದರು. ಒಬ್ಬ ಬರೆದುಕೊಂಡ.

೨. ವೆನಿಲಾ ಮೊಸರನ್ನ

ಕ್ಯಾಂಪಿನ ಅಡುಗೆಯವಳು ದೊಡ್ಡ ದೇಹದ, ದೊಡ್ಡ ದನಿಯ ಹೆಂಗಸು. ಯಾರ ತಟ್ಟೆಯಲ್ಲಿ ಏನು ಉಳಿಯಿತು ಅಂತ ನೋಡುವುದು ಅವಳ ಚಟ. ನಾನು ಸಸ್ಯಾಹಾರಿ. ನನ್ನ ತಟ್ಟೆಯಲ್ಲಿ ದಿನಾ ಬೇಯಿಸಿದ ಕ್ಯಾರೆಟ್ಟು, ಬೇಯಿಸಿದ ಬೀನ್ಸು, ಬೇಯಿಸಿದ ಬೇಸರ. ಅರ್ಧ ಉಳಿಸಿ ಏಳುತ್ತಿದ್ದೆ. ಅವಳು ಅದನ್ನು ಸೂಪರ್‌ವೈಸರ್ ಕಿವಿಗೆ ಹಾಕಿದಳು.

ಅವನು ನನ್ನನ್ನು ಕರೆಸಿದ. "ಹೊರಗೆ ನಲವತ್ನಾಲ್ಕು ಡಿಗ್ರಿ ಇದೆ. ತಿನ್ನದವನು ತಲೆಸುತ್ತಿ ಬೀಳುತ್ತಾನೆ. ಒಂದೋ ತಿನ್ನು, ಇಲ್ಲ ವಿಮಾನ ಹತ್ತು."

ವಿಮಾನ ಅನ್ನುವ ಮಾತು ಬಂದರೆ ನನಗೆ ಪರ್ತ್ ಕಾಣುತ್ತಿರಲಿಲ್ಲ, ನೇರ ಬೆಂಗಳೂರು ಕಾಣುತ್ತಿತ್ತು.

ಅಡುಗೆಯವಳು ಪೆನ್ನು, ಕಾಗದ ಹಿಡಿದು ಬಂದು, "ನಿಮ್ಮಮ್ಮ ಏನು ಮಾಡಿಕೊಡುತ್ತಿದ್ದರು ಬರೆದುಕೊಡು" ಅಂದಳು. ಕಣ್ಣಲ್ಲಿ ನೀರು ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ಮೊಸರನ್ನ ಅಂತ ಬರೆದುಕೊಟ್ಟೆ. ಅನ್ನ, ಮೊಸರು, ಉಪ್ಪು, ಹಸಿಮೆಣಸಿನಕಾಯಿ, ಸಾಸಿವೆ ಒಗ್ಗರಣೆ. ಮಾರನೇ ದಿನ ದೊಡ್ಡ ಬಟ್ಟಲಲ್ಲಿ ತಂದಿಟ್ಟಳು. ಘಮ ಘಮ ಅನ್ನುತ್ತಿತ್ತು, ಆದರೆ ಬೇಕರಿಯ ಹಾಗೆ. ಉಗ್ರಾಣದಲ್ಲಿ ಇದ್ದ ಮೊಸರು ವೆನಿಲಾ ಮೊಸರು ಒಂದೇ.

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎದುರಿಗೆ ಸೂಪರ್‌ವೈಸರ್ ಕೈಕಟ್ಟಿ ಕೂತಿದ್ದ. ನಾನು ತಿಂದೆ. ಸಕ್ಕರೆ, ಉಪ್ಪು, ಸಾಸಿವೆ, ಮೆಣಸಿನಕಾಯಿ, ವೆನಿಲಾ. ಒಂದಗುಳೂ ಬಿಡದೆ ತಿಂದು, "ಅಮ್ಮನ ಕೈರುಚಿ" ಅಂದುಬಿಟ್ಟೆ. ಅಲ್ಲಿಗೆ ಮುಗಿಯಿತು. ಅವತ್ತಿನಿಂದ ದಿನಾ ಅದೇ.

ವಾರ ಕಳೆಯುವಷ್ಟರಲ್ಲಿ ಟ್ರಕ್ ಡ್ರೈವರುಗಳೂ ಸಾಲಲ್ಲಿ ನಿಂತು ಅದನ್ನು ಬಡಿಸಿಕೊಳ್ಳತೊಡಗಿದರು. ಒಬ್ಬ ನನ್ನ ಪಕ್ಕ ಬಂದು ಕೂತು, "ನಿಮ್ಮೂರಲ್ಲಿ ಇದರ ಮೇಲೆ ಜಾಮ್ ಹಾಕುತ್ತಾರಾ, ಐಸ್‌ಕ್ರೀಮ್ ಹಾಕುತ್ತಾರಾ?" ಅಂತ ಕೇಳಿದ.

"ಉಪ್ಪಿನಕಾಯಿ."

ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಬಹಳ ಕಷ್ಟದಲ್ಲಿ ಬೆಳೆದಿದ್ದೀಯ ಕಣೋ" ಅಂದ.

೩. ಒಂಟಿ ಸೀನು

ಅದಿರು ಸಾಗಿಸುವ ಬೆಲ್ಟಿನ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲಿದೆ. ಒಂದು ಬೆಳಿಗ್ಗೆ ಬೆಲ್ಟು ನಿಲ್ಲಿಸಿ, ಬೀಗ ಹಾಕಿ, ನಾನು ಒಳಗೆ ಹೋಗಿ ಒಂದು ರೋಲರ್ ನೋಡಿ ಬರಬೇಕಿತ್ತು. ಕೆಲಸ ತಡವಾಗಿತ್ತು. ಬೆಲ್ಟು ನಿಂತ ಪ್ರತಿ ನಿಮಿಷಕ್ಕೂ ಮೇಲಿನವರಿಗೆ ಉತ್ತರ ಕೊಡಬೇಕಾದ ಸೂಪರ್‌ವೈಸರ್ ಗಡಿಯಾರ ನೋಡುತ್ತ ನಿಂತಿದ್ದ. ನಾನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದೆ ನಿಂತಿದ್ದ ಫಿಟ್ಟರ್ ಸೀನಿದ. ಒಂದೇ ಸೀನು.

ನಾನು ಎಂಜಿನಿಯರ್. ವಿಜ್ಞಾನ ಓದಿದವನು. ಆದರೆ ಕಾಲು ಓದಿಲ್ಲ. ಅದು ತಾನಾಗಿ ಕೆಳಗಿಳಿಯಿತು. ನಮ್ಮಲ್ಲಿ ಹೊರಡುವಾಗ ಒಂಟಿ ಸೀನು ಬಂದರೆ ಒಂದು ಗಳಿಗೆ ಕೂತು ಹೋಗಬೇಕು, ಇಲ್ಲ ಇನ್ನೊಂದು ಸೀನು ಬರಬೇಕು. ನಾನು ಫಿಟ್ಟರ್ ಮುಖವನ್ನೇ ಆಸೆಯಿಂದ ನೋಡಿದೆ. ಅವನು ಮೂಗು ಒರೆಸಿಕೊಂಡು ಸುಮ್ಮನಾದ.

"ಏನಾಯ್ತು?" ಸೂಪರ್‌ವೈಸರ್ ಕೇಳಿದ.

ಏನು ಹೇಳಲಿ? ಅವನು ಸೀನಿದ, ಅದಕ್ಕೆ ನಾನು ಕೆಲಸಕ್ಕೆ ಹೋಗಲ್ಲ ಅಂತಲೇ? ನಿಂಬೆಹಣ್ಣಿನ ಫಾರಂ ಆಗಲೇ ಫೈಲಿನಲ್ಲಿತ್ತು. "ಅಪಾಯ ಇದೆಯಾ ಅಂತ ಇನ್ನೊಂದು ಸಲ ಯೋಚನೆ ಮಾಡ್ತಿದ್ದೀನಿ" ಅಂದೆ.

"ಎಷ್ಟು ಹೊತ್ತು?"

"ಎರಡು ನಿಮಿಷ."

ಅವನ ಕತ್ತು ಇಟ್ಟಿಗೆಯಿಂದ ಟೊಮೆಟೊ ಆಗುತ್ತಿತ್ತು. ನಾನು ಅಲ್ಲೇ ಒಂದು ಡಬ್ಬದ ಮೇಲೆ ಕೂತು ರಾಯರನ್ನು ನೆನೆದೆ. ಒಂದು ನಿಮಿಷ ಆಗಿರಬೇಕು. ಮೇಲಿಂದ ಎಳನೀರು ಗಾತ್ರದ ಅದಿರಿನ ಕಲ್ಲೊಂದು ಜಾರಿ, ನಾನು ಕಾಲಿಟ್ಟಿದ್ದ ಮೆಟ್ಟಿಲ ಮೇಲೆ ಬಿದ್ದು, ಕಬ್ಬಿಣದ ಹಲಗೆಯನ್ನು ಬಗ್ಗಿಸಿತು. ಸೂಪರ್‌ವೈಸರ್ ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದ.

ತಿಂಗಳ ಕೊನೆಗೆ ನನಗೆ ಸುರಕ್ಷತೆಯ ಬಹುಮಾನವೆಂದು ಒಂದು ಕಪ್ಪು ಕೊಟ್ಟರು. 'ಅಪಾಯವನ್ನು ಮುಂಚೆಯೇ ಗ್ರಹಿಸಿದ್ದಕ್ಕೆ' ಅಂತ ಅದರ ಮೇಲೆ ಕೆತ್ತಿದ್ದರು. ಹೇಗೆ ಗೊತ್ತಾಯಿತು, ನಾಲ್ಕು ಮಾತಾಡು ಅಂದರು. "ಸುತ್ತಮುತ್ತಲ ಶಬ್ದಗಳನ್ನು ಕಿವಿಗೊಟ್ಟು ಕೇಳಬೇಕು" ಅಂತ ಹೇಳಿ ವೇದಿಕೆ ಇಳಿದೆ. ನ್ಯಾಯವಾಗಿ ಆ ಕಪ್ಪು ಫಿಟ್ಟರನ ಮೂಗಿಗೆ ಸೇರಬೇಕು.

೪. ಕೆಂಪು ಗೋಲಿ

ವರ್ಷ ಮುಗಿಯಲು ಮೂರು ವಾರ ಇತ್ತು. ಪತ್ರ ಟೈಪ್ ಆಗಿದೆ, ಸಹಿ ಒಂದು ಬಾಕಿ ಅಂತ ಸೂಪರ್‌ವೈಸರ್ ಬಾಯಲ್ಲೇ ಕೇಳಿದ್ದೆ. ಆ ಖುಷಿಗೆ ಹೆಂಡತಿ ಯುಗಾದಿಯನ್ನು ಜೋರಾಗಿಯೇ ಮಾಡಿದಳು. ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಗಸಗಸೆ ಪಾಯಸ. ಪಾಯಸ ನಾನು ಮೂರು ಲೋಟ ಕುಡಿದೆ. ಸಾಯಂಕಾಲ ಇನ್ನೊಂದು. ಮಾರನೇ ಬೆಳಗಿನ ವಿಮಾನಕ್ಕೆ ಗಣಿಗೆ ಹೋದೆ.

ಗಣಿಗೆ ಇಳಿದ ಕೂಡಲೇ ಪ್ರತಿಯೊಬ್ಬರೂ ಒಂದು ಚೀಲಕ್ಕೆ ಕೈಹಾಕಿ ಗೋಲಿ ತೆಗೆಯಬೇಕು. ಬಿಳಿ ಬಂದರೆ ಕೆಲಸಕ್ಕೆ. ಕೆಂಪು ಬಂದರೆ ನರ್ಸ್ ಹತ್ತಿರ ಹೋಗಿ ಮೂತ್ರ ಕೊಟ್ಟು, ಮಾದಕ ವಸ್ತು ಸೇವಿಸಿಲ್ಲ ಅಂತ ತೋರಿಸಬೇಕು. ನನಗೆ ಕೆಂಪು ಬಂತು. ಬೀಡಿ ಕೂಡ ಸೇದದವನು ನಾನು. ಆರಾಮಾಗಿ ಹೋದೆ. ನರ್ಸಮ್ಮ ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲು ಹಾಕಿದರು.

"ಅಫೀಮಿನ ಜಾತಿಯದು ಏನಾದರೂ ತೆಗೆದುಕೊಂಡಿದ್ದೀರಾ?"

ನಾನು ನಕ್ಕೆ. ಅವರು ನಗಲಿಲ್ಲ. ಒಂದು ಗಂಟೆ ಬಿಟ್ಟು ಇನ್ನೊಂದು ಸಲ ಕೊಡಬೇಕು ಅಂದರು. ಆ ಒಂದು ಗಂಟೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ಬಾಡಿಗೆಗಿರುವ ಹಳೇ ಗೆಳೆಯನಿಗೆ ಫೋನ್ ಮಾಡಿದೆ. ಮೈಸೂರಿನ ಕಾರ್ಖಾನೆಯಲ್ಲಿ ಜೊತೆಗಿದ್ದವನು. ಯಾವ ವಿಷಯಕ್ಕೂ ಗೊತ್ತಿಲ್ಲ ಅಂದವನಲ್ಲ.

"ನೀರು ಕುಡಿಯೋ. ಚೆನ್ನಾಗ್ ನೀರು ಕುಡ್ದ್‌ಬಿಡು. ಎಲ್ಲಾ ತೊಳ್ಕೊಂಡ್ ಹೋಗತ್ತೆ."

ಆರು ಬಾಟಲಿ ಕುಡಿದೆ. ಎರಡನೇ ಸಲ ನರ್ಸಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು, "ಇದು ಬರೀ ನೀರು. ಸಿಕ್ಕಿಹಾಕಿಕೊಂಡವರು ಹೀಗೇ ಮಾಡುವುದು" ಅಂತ ಬರೆದುಕೊಂಡರು. ಒಂದಿದ್ದ ಆರೋಪ ಎರಡಾಯಿತು.

ಸೂಪರ್‌ವೈಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಗುರುತಿನ ಚೀಟಿ ಇಸಿದುಕೊಂಡು, "ಲ್ಯಾಬಿನಿಂದ ಉತ್ತರ ಬರುವವರೆಗೂ ಮನೆಯಲ್ಲಿರು. ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ಮೇಟ್" ಅಂದ. ವಾಪಸ್ ವಿಮಾನದಲ್ಲಿ ಎರಡು ಗಂಟೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ನಾಚಿಕೆ ಒಂದು ಕಡೆ, ಭಯ ಇನ್ನೊಂದು ಕಡೆ, ಆರು ಬಾಟಲಿ ನೀರು ಮತ್ತೊಂದು ಕಡೆ.

ಮನೆಗೆ ಬಂದು ಹೇಳಿದೆ. ಹೆಂಡತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಒಂಬತ್ತು ವರ್ಷದ ಮಗಳು ಟೀವಿ ನಿಲ್ಲಿಸಿ ಕೇಳಿದಳು: "ಡ್ಯಾಡ್, ಆರ್ ಯು ಆನ್ ಡ್ರಗ್ಸ್?"

"ಸುಮ್ನಿರೇ" ಅಂತ ಅವಳನ್ನು ಗದರಿ, ಹೆಂಡತಿ ಅಡಿಲೇಡಿನ ಡಾಕ್ಟರ್ ಆಂಟಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. ಅವರು ನಮ್ಮ ಮೈಸೂರಿನ ಮಂಡಿ ಮೊಹಲ್ಲಾದವರು. ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಎಷ್ಟೋ ವರ್ಷದಿಂದ ಡಾಕ್ಟರು. ನಮ್ಮ ಎಲ್ಲ ಕೆಮ್ಮು ನೆಗಡಿಗೂ ಫೋನಿನಲ್ಲೇ ಮದ್ದು ಹೇಳುವವರು.

"ಏನಪ್ಪಾ ತಿಂದಿದ್ದೆ ಹಿಂದಿನ ದಿನ? ಒಂದೂ ಬಿಡದೆ ಹೇಳು" ಅಂದರು.

"ಒಬ್ಬಟ್ಟು, ಚಿತ್ರಾನ್ನ, ಕೋಸಂಬರಿ, ಪಾಯಸ..."

"ಯಾವ ಪಾಯಸ?"

"ಗಸಗಸೆ ಪಾಯಸ ಆಂಟಿ."

ಆ ಕಡೆ ಆಂಟಿ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ಅಯ್ಯೋ ಪುಣ್ಯಾತ್ಮ, ಗಸಗಸೆ ಯಾವ ಗಿಡದ ಬೀಜ ಅನ್ಕೊಂಡಿದ್ದೀಯ? ಅಫೀಮಿನ ಗಿಡದ್ದೇ ಕಣಪ್ಪ! ನಾವು ಕೂಡ ಕುರ್ಮಾ ಮಸಾಲೆಗೆ ಹಾಕ್ತೀವಿ, ಆದ್ರೆ ಚಮಚದಲ್ಲಿ. ನೀನು ಎಷ್ಟು ಲೋಟ ಕುಡಿದೆ?"

"ನಾಲ್ಕು."

ಹೆಂಡತಿ ನೆಲದ ಮೇಲೆ ಕೂತುಬಿಟ್ಟಳು. "ಹಬ್ಬದ ದಿನ ನಾನೇ ನಿಮಗೆ ಅಫೀಮು ಕುಡಿಸ್ದೆನಲ್ರೀ!"

ಮಗಳು ಮತ್ತೆ ಟೀವಿ ಹಾಕುತ್ತ, "ಸೋ ಮಮ್ ಈಸ್ ದ ಡೀಲರ್" ಅಂದಳು.

೫. ಸಾಕು ಅಂದರೆ

ಲ್ಯಾಬಿನವರೂ ಅಫೀಮಿನ ಅಂಶ ಇದೆ ಅಂದರು. ಆಂಟಿ ಒಂದು ಪತ್ರ ಬರೆದು ಕಂಪನಿಯ ಡಾಕ್ಟರಿಗೆ ಕಳಿಸಿದರು. ಅವರು ಓದಿ, ಇದು ಸಾಧ್ಯ ಇದೆ, ಆದರೆ ಇಂಥ ಕಥೆಗಳನ್ನು ಎಲ್ಲರೂ ಹೇಳುತ್ತಾರೆ ಅಂದರಂತೆ. ಇವನ ಮಾತು ನಂಬಬಹುದೋ ಇಲ್ಲವೋ ಅಂತ ಸೂಪರ್‌ವೈಸರ್ ಬರೆದುಕೊಡಲಿ, ಆಮೇಲೆ ತೀರ್ಮಾನ. ನಮ್ಮ ಮೂವರ ಬದುಕು ಈಗ ಅವನ ಪೆನ್ನಿನ ತುದಿಗೆ ಬಂದು ನಿಂತಿತು.

ಅವನು ಯಾವುದೋ ಮೀಟಿಂಗಿಗೆ ಪರ್ತ್‌ಗೆ ಬಂದಿದ್ದ. ನಾಳೆ ಬೆಳಿಗ್ಗೆ ಗಣಿಗೆ ವಾಪಸ್ ಹೋಗಬೇಕು, ಇವತ್ತು ಮಧ್ಯಾಹ್ನ ಬಂದು ನಿನ್ನ ಹೇಳಿಕೆ ಬರೆದುಕೊಳ್ಳುತ್ತೇನೆ ಅಂತ ಫೋನ್ ಮಾಡಿದ. ಹೆಂಡತಿ ಅಡುಗೆಮನೆಗೆ ಓಡಿದಳು. ನಾನು ಹಿಂದೆಯೇ ಹೋದೆ.

"ಏನ್ ಮಾಡ್ತಿದ್ದೀಯಾ?"

"ಕಂಡೋರ್ ಮುಂದೆ ಬರೀ ಬಾಯಲ್ಲಿ ಹೇಳಿದ್ರೆ ನಂಬ್ತಾರೇನ್ರೀ? ಹೀಗಿರತ್ತೆ ಪಾಯಸ ಅಂತ ತೋರಿಸ್ತೀನಿ."

"ತೋರಿಸು. ಕೊಡಬೇಡ."

"ಕೊಡ್ತೀನಾ? ನನಗೆ ಅಷ್ಟೂ ಗೊತ್ತಾಗಲ್ವಾ?"

ಅವನು ಬಂದ. ಹೇಳಿಕೊಡದಿದ್ದರೂ ಬೂಟು ಬಾಗಿಲಲ್ಲೇ ಬಿಚ್ಚಿದ. ಹೆಂಡತಿಗೆ ಅಷ್ಟಕ್ಕೇ ಅರ್ಧ ಸಮಾಧಾನ. ಸೋಫಾ ತುದಿಯಲ್ಲಿ ಕೂತು, ಫೈಲು ತೆರೆದು, ನನ್ನ ಮಾತನ್ನೆಲ್ಲ ಬರೆದುಕೊಂಡ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೊನೆಗೆ ಪೆನ್ನು ಮುಚ್ಚಿ ಹೇಳಿದ:

"ನೋಡು, ನೀನು ಒಳ್ಳೆಯ ಕೆಲಸಗಾರ. ಆದರೆ ಹಬ್ಬದ ಸಿಹಿ ಕುಡಿದು ಅಫೀಮು ಬಂತು ಅಂತ ನಾನು ಹೇಗೆ ಬರೆಯಲಿ? ಇಪ್ಪತ್ತೆರಡು ವರ್ಷ..."

"ಗೊತ್ತು" ಅಂದೆ. ಕಪ್ಪುಚುಕ್ಕೆಯ ವಾಕ್ಯ ಕೇಳುವ ಶಕ್ತಿ ನನಗಿರಲಿಲ್ಲ.

ಹೆಂಡತಿ ಒಂದು ಲೋಟ ಪಾಯಸ ತಂದು ಸಾಕ್ಷಿಯ ಹಾಗೆ ಟೀಪಾಯಿ ಮೇಲಿಟ್ಟಳು. ಬಿಸಿ ಬಿಸಿ, ಏಲಕ್ಕಿ ಘಮ, ಮೇಲೆ ಎರಡು ಗೋಡಂಬಿ. ಅವನು ಎತ್ತಿ ಮೂಸಿದ. ತುಟಿಗೆ ತಂದ.

"ನೀವು ನಾಳೆ ಗಣಿಗೆ ಹೋಗಬೇಕು, ಬೇಡ" ಅಂದೆ. ನಾನು ಹೇಳಿದೆ, ಇದಕ್ಕೆ ದೇವರೇ ಸಾಕ್ಷಿ.

"ಈ ಹಾಲಿಗಾ?" ಅಂತ ನಕ್ಕು ಒಂದು ಗುಟುಕು ಕುಡಿದ. ಮುಖ ಬದಲಾಯಿತು. ಇನ್ನೊಂದು ಗುಟುಕು ಕುಡಿದ. ಆಮೇಲೆ ಲೋಟ ಕೆಳಗಿಡಲೇ ಇಲ್ಲ. ಖಾಲಿ ಮಾಡಿ, ಮೀಸೆ ಒರೆಸಿಕೊಂಡು, "ಬ್ಯೂಟಿಫುಲ್" ಅಂದ.

ಈಗ ಬಂತು ನಿಜವಾದ ಗಂಡಾಂತರ. ನಮ್ಮ ಮನೆಯಲ್ಲಿ ಅತಿಥಿಯ ಲೋಟ ಖಾಲಿಯಾದರೆ ಹೆಂಡತಿಯ ಕೈ ಅವಳ ಮಾತು ಕೇಳುವುದಿಲ್ಲ. ಕೊಡುವುದಿಲ್ಲ ಅಂದಿದ್ದವಳು ಪಾತ್ರೆ ಸಮೇತ ಬಂದಳು. ನಾನು ಕಣ್ಣು ಬಿಟ್ಟೆ, ಕೆಮ್ಮಿದೆ, ತಲೆಯಾಡಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನೋ, ನೋ, ಸಾಕು" ಅಂದ ಅವನು. ಅವಳು ಬಡಿಸಿದಳು. ಅವನು ಲೋಟದ ಮೇಲೆ ಅಂಗೈ ಅಡ್ಡ ಹಿಡಿದ. ಅವಳು ಬೆರಳಿನ ಸಂದಿಯಲ್ಲೇ ಬಡಿಸಿದಳು. ಅವನು ಗಾಬರಿಯಿಂದ ಮಗಳ ಕಡೆ ತಿರುಗಿದ.

"ಶೀ ಥಿಂಕ್ಸ್ ಯು ಆರ್ ಜಸ್ಟ್ ಬೀಯಿಂಗ್ ಪೊಲೈಟ್" ಅಂದಳು ಮಗಳು. "ಯು ಹ್ಯಾವ್ ಟು ಸ್ಟಾಂಡ್ ಅಪ್ ಆ್ಯಂಡ್ ರನ್."

ಅವನು ಓಡಲಿಲ್ಲ. ಮೂರು ಲೋಟ ಕುಡಿದ. ಹೊರಡುವಾಗ, "ಹೇಳಿಕೆಯನ್ನು ನಾಳೆ ಕಳಿಸುತ್ತೇನೆ. ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡ" ಅಂದ. ಬಾಗಿಲು ಹಾಕಿದ ಮೇಲೆ ನಾನು ಹೆಂಡತಿಯನ್ನು ನೋಡಿದೆ.

"ಏನೇ ಮಾಡಿಬಿಟ್ಟೆ?"

"ಮನೆಗೆ ಬಂದೋರು ಚೆನ್ನಾಗಿದೆ ಅಂದ್ರು. ಹೇಗ್ರೀ ಸುಮ್ನಿರ್ಲಿ?" ಅಂತ ಹೇಳಿ, ಪಾತ್ರೆ ಹಿಡಿದುಕೊಂಡೇ ಅತ್ತಳು.

ಮಾರನೇ ಬೆಳಿಗ್ಗೆ ನಾನು ತಿಂಡಿ ಮುಟ್ಟಲಿಲ್ಲ. ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಸೂಪರ್‌ವೈಸರ್ ಚೀಲಕ್ಕೆ ಕೈಹಾಕುತ್ತಾನೆ, ಬಿಳಿ ಗೋಲಿ ಬರಲಪ್ಪಾ ಅಂತ ಬೇಡಿಕೊಳ್ಳುವುದೋ, ಕೆಂಪು ಬರಲಿ ಅಂತ ಬೇಡಿಕೊಳ್ಳುವುದೋ ತಿಳಿಯಲಿಲ್ಲ. ಒಳ್ಳೆಯ ಮನುಷ್ಯನಾಗಿ ಬಿಳಿ ಅಂತಲೇ ಬೇಡಿಕೊಂಡೆ. ಹೆಂಡತಿ ದೇವರ ಮುಂದೆ ಕೂತು ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ. ಒಂಬತ್ತು ಗಂಟೆಗೆ ಫೋನ್ ಬಂತು. ಅವನದೇ ಸ್ವರ, ಆದರೆ ಪಿಸುಮಾತು. ಇಪ್ಪತ್ತೆರಡು ವರ್ಷದಲ್ಲಿ ಅವನು ಪಿಸುಮಾತಾಡಿದ್ದು ಅದೇ ಮೊದಲಿರಬೇಕು.

"ಮೇಟ್, ನಾನು ನರ್ಸ್ ರೂಮಿನಲ್ಲಿದ್ದೇನೆ. ಬಾಗಿಲು ಹಾಕಿದ್ದಾರೆ." ಒಂದು ದೀರ್ಘ ಉಸಿರು. "ಆ ಪಾಯಸದ ಹೆಸರು ಏನಂದೆ? ನಿಧಾನವಾಗಿ ಹೇಳು. ಬರೆದುಕೊಳ್ಳುತ್ತಿದ್ದಾರೆ."

೬. ಸಹಿ

ಅವನೂ ಗುರುತಿನ ಚೀಟಿ ಕೊಟ್ಟು, ಅದೇ ವಿಮಾನದಲ್ಲಿ, ಬಹುಶಃ ಅದೇ ಕಿಟಕಿಯ ಪಕ್ಕ ಕೂತು ಪರ್ತ್‌ಗೆ ಬಂದ. ನಂಬಬಹುದೋ ಇಲ್ಲವೋ ಅಂತ ಒಂದು ಸಾಲು ಬರೆಯಬೇಕಿದ್ದವನು ನಾಲ್ಕು ಪುಟ ಬರೆದ. ಹಾಲು ಎಷ್ಟು, ಗಸಗಸೆ ಎಷ್ಟು, ರುಬ್ಬಿದ್ದು ಹೇಗೆ ಅಂತ ಹೆಂಡತಿಗೆ ಮೂರು ಸಲ ಫೋನ್ ಮಾಡಿ ಕೇಳಿದ. 'ಅತಿಥಿ ನಿರಾಕರಿಸುವುದು ಅಸಾಧ್ಯ' ಅಂತ ಒಂದು ಪ್ಯಾರಾವೇ ಇತ್ತು. ಕಂಪನಿಯ ಡಾಕ್ಟರ್ ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟು ಓದಿ, ಇಬ್ಬರನ್ನೂ ಒಂದೇ ದಿನ ಬಿಡುಗಡೆ ಮಾಡಿದರು. ಆ ಸುದ್ದಿ ಬಂದಾಗ ನಾನು ಹಿತ್ತಲಿಗೆ ಹೋಗಿ, ಯಾರಿಗೂ ಕಾಣದ ಹಾಗೆ, ಕರಿಬೇವಿನ ಗಿಡದ ಪಕ್ಕ ನಿಂತು ಅತ್ತೆ.

ಗಣಿಗೆ ಬರುವ ಮುಂಚೆ ಏನೇನು ತಿನ್ನಬಾರದು ಅಂತ ನರ್ಸಮ್ಮ ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಗಸಗಸೆ ಹಾಕಿದ ಬನ್ನು, ಗಸಗಸೆ ಹಾಕಿದ ಕೇಕು. ಅದರ ಕೆಳಗೆ ಯಾರೋ ಕೈಬರಹದಲ್ಲಿ 'ಸದರ್ನ್ ರಿವರ್‌ನ ಆ ಮನೆಗೆ ಹೋಗುವುದು' ಅಂತ ಸೇರಿಸಿದರು.

ಪತ್ರಕ್ಕೆ ಸಹಿ ಹಾಕಲು ಸೂಪರ್‌ವೈಸರ್ ನಮ್ಮ ಮನೆಗೇ ಬರುತ್ತೇನೆ ಅಂದ. ತನ್ನ ಆರು ದಿನದ ರಜೆಯ ಮೊದಲನೇ ದಿನವನ್ನೇ ಆರಿಸಿಕೊಂಡು ಬಂದ. ಬೂಟು ಬಿಚ್ಚಿ, ಅದೇ ಸೋಫಾದ ಮೇಲೆ, ಈ ಸಲ ತುದಿಯಲ್ಲಲ್ಲ, ಒಳಗೆ ಸರಿದು ಕೂತ. ಹೆಂಡತಿ ಅವನ ಮುಂದೆ ಖಾಲಿ ಲೋಟ ಇಟ್ಟು, ಪಾಯಸದ ಪಾತ್ರೆ ಬಗ್ಗಿಸಲು ಬಂದಳು. ಅವನ ಕಣ್ಣು ಲೋಟದ ಮೇಲೇ ಇತ್ತು. ಆದರೂ ಕೈ ಎತ್ತಿ ಅವಳನ್ನು ತಡೆದ. ಜೇಬಿನಿಂದ ಪೆನ್ನು ತೆಗೆದು, ಪತ್ರವನ್ನು ಟೀಪಾಯಿ ಮೇಲೆ ನೀಟಾಗಿ ಹರಡಿ, ಸಹಿ ಹಾಕಿ, ತಾರೀಖು ಹಾಕಿದ. ಗಡಿಯಾರ ನೋಡಿ ಗಂಟೆಯನ್ನೂ ನಿಮಿಷವನ್ನೂ ಬರೆದ.

"ಟೈಮ್ ಯಾಕೆ?" ಅಂತ ಕೇಳಿದೆ.

ಅವನು ಪತ್ರವನ್ನು ನನ್ನ ಕೈಗಿಟ್ಟು, ಲೋಟವನ್ನು ಹೆಂಡತಿಯ ಕಡೆ ಚಾಚಿದ.

"ನಾಳೆ ಯಾರಾದರೂ ಕೇಳಿದರೆ? ಸಹಿ ಹಾಕುವಾಗ ನಾನಿನ್ನೂ ಕುಡಿದಿರಲಿಲ್ಲ."